ಮುಯ್ಯಿ ಮಾತ್ರೆ

ಆಗಸ್ಟ್ 3, ಶನಿವಾರ

ಹೊಗೆಸೊಪ್ಪು ಕಟ್ಟಿ ಕಟ್ಟಿ ಕೈಯೆಲ್ಲ ಅಂಟು. ಇವತ್ತು ಪಕ್ಕದ ಮನೆ ಸುನಂದಕ್ಕನ ಸೊಪ್ಪು ಒಣಗಿಸುವ ಬ್ಯಾರನ್ನಿಗೆ ಮುಯ್ಯಾಳಾಗಿ ಹೋಗಿದ್ದೆ. ನಾಳಿದ್ದು ಅವರು ನಮ್ಮ ಸೊಪ್ಪಿಗೆ ಬರುತ್ತಾರೆ. ಉಬ್ಬಸ ಇದ್ದರೂ ಕೆಲಸ ಬಿಡುವ ಹೆಂಗಸಲ್ಲ. ಬೆಂಕಿ ನೋಡಿಕೊಳ್ಳುವ ಸಣ್ಣಯ್ಯನೂ ಅಷ್ಟೇ — ಉಬ್ಬಸದ ಪಂಪು ಎಳೆದುಕೊಳ್ಳುತ್ತಲೇ ಸೌದೆ ತುಂಬುತ್ತಾನೆ.

ನನ್ನ ಬಿಪಿ ಮಾತ್ರೆ ಮುಗಿದಿದೆ. ಪಿರಿಯಾಪಟ್ಟಣಕ್ಕೆ ಹೋಗಲು ಪುರುಸೊತ್ತೆಲ್ಲಿ? ಸುನಂದಕ್ಕನಿಗೂ ಬಿಪಿಯೇ. ಅವರದ್ದರಲ್ಲಿ ನಾಲ್ಕು ಕೊಟ್ಟರು.

"ತಕ್ಕೊ ಕಣವ್ವ. ನಿಂದು ಬಂದ್ಮೇಲೆ ಮುಯ್ಯಿ ತೀರ್ಸುವಂತೆ."

ಆಳಿಗೆ ಮುಯ್ಯಿ ಆಯಿತು, ಈಗ ಮಾತ್ರೆಗೂ! ನಗು ಬಂತು.

ಆಗಸ್ಟ್ 7, ಬುಧವಾರ

ಕೊನೆಗೂ ಪಿರಿಯಾಪಟ್ಟಣದ ಆಸ್ಪತ್ರೆಗೆ ಹೋದೆ. ಬಿಪಿ ನೂರ ಎಪ್ಪತ್ತು. ಎದೆ ಬೇರೆ ಡವಡವ. ಡಾಕ್ಟರು ಮಾತ್ರೆ ಬದಲಾಯಿಸಿದರು. "ಉಬ್ಬಸ ಇದೆಯಾ?" ಎಂದರು. ಇಲ್ಲ ಎಂದೆ. "ನೀವೊಬ್ಬರೇ ತಗೋಬೇಕು. ಮಧ್ಯೆ ನಿಲ್ಲಿಸಬೇಡಿ." ಹೂಂ ಎಂದೆ. ಬಸ್ಸಿನ ಚಿಂತೆ ನನಗೆ.

ಮನೆಗೂ ಹೋಗದೆ ಮೊದಲು ಸುನಂದಕ್ಕನಿಗೆ ನಾಲ್ಕು ಕೊಟ್ಟೆ. ಬಾಕಿ ಉಳಿಸಿಕೊಂಡರೆ ನನಗೆ ತಿಂದಿದ್ದು ಮೈಗೆ ಹತ್ತುವುದಿಲ್ಲ.

"ಬಣ್ಣ ಬ್ಯಾರೆ ಅದಲ್ಲೇ ಪವಿತ್ರ?"

"ಇದೂ ಬಿಪಿದೇ ಕಣಕ್ಕ. ಇನ್ನೂ ಒಳ್ಳೇದು."

ಆಗಸ್ಟ್ 9, ಶುಕ್ರವಾರ. ಮಧ್ಯಾಹ್ನ 12. ಆಸ್ಪತ್ರೆ ಬೆಂಚು

ಬರೆಯದಿದ್ದರೆ ಕಿರುಚಿಬಿಡುತ್ತೇನೆ.

ಬೆಳಗ್ಗೆ ಸೊಪ್ಪು ಕಟ್ಟುತ್ತಿದ್ದ ಸುನಂದಕ್ಕ ಕಡ್ಡಿ ಬಿಟ್ಟು ಕುಸಿದರು. ಎದೆಯೊಳಗೆ ಸುಯ್ ಸುಯ್. ತುಟಿ ನೀಲಿ. ಸೊಪ್ಪಿನ ಘಾಟು ಎಂದುಕೊಂಡೆವು. ಆಟೋದಲ್ಲಿ ನನ್ನ ತೊಡೆ ಮೇಲೇ ತಲೆ...

ಅವರ ಎಲೆಯಡಿಕೆ ಚೀಲದಿಂದ ಮಾತ್ರೆಯ ಖಾಲಿ ಪಟ್ಟಿ ಬಿತ್ತು. ಡಾಕ್ಟರು ಎತ್ತಿ ನೋಡಿದರು.

"ಇದನ್ನ ಯಾರು ಕೊಟ್ಟಿದ್ದು? ಉಬ್ಬಸ ಇರೋರಿಗೆ ಇದು ಉಸಿರು ಕಟ್ಟಿಸುತ್ತೆ!"

"ನಾನೇ... ಮುಯ್ಯಿ ತೀರ್ಸೋಕೆ..."

"ಕಾಯಿಲೆ ಒಂದೇ ಅಂತ ಮಾತ್ರೇನೂ ಒಂದೇನಾ? ಅವರವರ ಮೈ ನೋಡಿ ಬರೆದುಕೊಡೋದು ಕಣಮ್ಮ."

ಉಬ್ಬಸ ಇದೆಯಾ ಎಂದು ನನ್ನನ್ನು ಕೇಳಿದ್ದರು. ಸುನಂದಕ್ಕನಿಗೆ ಇದೆ ಎಂದು ಊರಿಗೇ ಗೊತ್ತು. ನನಗೂ ಗೊತ್ತು. ಗೊತ್ತಿದ್ದೂ ಇದೇ ಕೈಯಲ್ಲಿ ಕೊಟ್ಟೆನಲ್ಲ! ಇನ್ನೂ ಒಳ್ಳೇದು ಎಂದು ಯಾರು ಹೇಳಿದ್ದರು ನನಗೆ?

3 ಗಂಟೆ

ಉಸಿರು ತಿರುಗಿತು. ಬದುಕಿದೆ ನಾನು. ಕಾಲು ಹಿಡಿದು ಅತ್ತೆ. ಸುನಂದಕ್ಕ ಮಾಸ್ಕ್ ಸರಿಸಿದರು.

"ಅಳ್ಬ್ಯಾಡ ಬುಡು. ಎಲ್ಡೇ ನುಂಗಿದ್ದು ಕಣವ್ವ."

ನಾಲ್ಕು ಕೊಟ್ಟಿದ್ದೆ. ಇನ್ನೆರಡು ಎಲ್ಲಿ ಎಂದೆ.

"ನೆನ್ನೆ ಸಣ್ಣಯ್ಯಂಗೆ ಕೊಟ್ಟೆ. ಅವಂದೂ ಬಿಪಿ ಮಾತ್ರೆ ಮುಗ್ದೋಗಿತ್ತು. ಓದ ತಿಂಗ್ಳು ನಾನೂ ಅವನತ್ರ ಇಸ್ಕೊಂಡಿದ್ದೆ. ಮುಯ್ಯಿ ಅಲ್ವಾ?"

ಸಣ್ಣಯ್ಯ! ಪಂಪಿಲ್ಲದೆ ನಾಲ್ಕು ಹೆಜ್ಜೆ ನಡೆಯಲಾರ. ಇವತ್ತು ಬೆಳಗ್ಗೆ ಬ್ಯಾರನ್ ಹತ್ತಿರ ಅವನನ್ನು ನೋಡಿದ ನೆನಪೇ ಇಲ್ಲ.

3.20

ಅವನ ಫೋನು ರಿಂಗ್ ಆಗುತ್ತಿದೆ. ಎತ್ತುತ್ತಿಲ್ಲ. ಮತ್ತೆ ಮಾಡಿದೆ. ಮತ್ತೆ.

ಎತ್ತಿದರು. ಸಣ್ಣಯ್ಯನ ದನಿ ಅಲ್ಲ. ಹಿಂದೆ ತುಂಬ ಜನ ಮಾತಾಡುತ್ತಿದ್ದಾರೆ.