ಸೀದಾ ಮತ್ತು ಸೀದದ್ದು

ಬೀದರ, ಚೌಬಾರದ ಹಿಂದಿನ ಓಣಿ
ಗುರುವಾರ, ೧೭ ಫೆಬ್ರವರಿ ೧೯೪೯

ಹೆಸರು ಹಿಡಿದು ಕರೆಯಬಾರದ ನಮ್ಮ ಯಜಮಾನರಿಗೆ ಲಲಿತೆಯ ಶರಣು ಶರಣಾರ್ಥಿ.

ಮೊದಲು ಆರೋಗ್ಯ ವಿಚಾರಿಸಬೇಕು, ಆಮೇಲೆ ಸುದ್ದಿ ಬರೆಯಬೇಕು. ಹೈದರಾಬಾದಿನ ಕಾಲೇಜಿನಲ್ಲಿ ಕಲಿತದ್ದರಲ್ಲಿ ಇದೊಂದು ಇನ್ನೂ ನೆನಪಿದೆ. ಆದ್ದರಿಂದ ಕೇಳುತ್ತೇನೆ: ಹೇಗಿದ್ದೀರಿ? ಜ್ವರ, ನೆಗಡಿ, ಕೆಮ್ಮು ಏನೂ ಇಲ್ಲವಷ್ಟೆ? ಸೊಲ್ಲಾಪುರದ ನೀರು ಮೈಗೆ ಹಿಡಿಯಿತೇ? ಈ ಸಲ ಶಾಸ್ತ್ರಕ್ಕೆ ಕೇಳುತ್ತಿದ್ದೇನೆಂದು ತಿಳಿಯಬೇಡಿ. ಯಾಕೆಂದರೆ ಇಲ್ಲಿ ಬೀದರಿನಲ್ಲಿ ನೀವು ಮೊನ್ನೆ ಸೋಮವಾರ ಮಧ್ಯಾಹ್ನ ತೀರಿಕೊಂಡಿರಿ. ಓಣಿಯವರೆಲ್ಲ ಬಂದು ಅತ್ತು ಹೋದರು. ನೀವು ಇಲ್ಲಿದ್ದಾಗ ಒಬ್ಬರ ಬಾಯಿಂದಲೂ ಕೇಳದಂಥ ನಿಮ್ಮ ಸದ್ಗುಣಗಳನ್ನು ಅಂದು ಅಂಗಳದಲ್ಲಿ ಕುಳಿತು ಕೇಳಿದೆ. ನೀವು ಯಾರ ಮೇಲೂ ಸಿಟ್ಟಾದವರಲ್ಲವಂತೆ. ಕೊಟ್ಟ ಮಾತಿಗೆ ತಪ್ಪಿದವರಲ್ಲವಂತೆ. 'ಬರುವ ತಿಂಗಳು ಬರುತ್ತೇನೆ' ಎಂದು ನೀವು ಬರೆದ ಕಾಗದಗಳನ್ನು ಆ ಹೆಂಗಸರು ಓದಿಲ್ಲ, ಪಾಪ. ಬರುವ ತಿಂಗಳೇನೋ ತಪ್ಪದೆ ಬರುತ್ತದೆ, ಬರುವವರು ಬರುವುದಿಲ್ಲ.

ಇಷ್ಟಕ್ಕೆಲ್ಲ ಕಾರಣ ನನ್ನ ಕೂದಲು. ಗಂಡಸರಿಗೆ ಹೆಂಡತಿಯ ತಲೆಯ ವಿಷಯ ತಲೆಯಲ್ಲಿ ನಿಲ್ಲುವುದಿಲ್ಲವಾದ್ದರಿಂದ ಗೊತ್ತಿರುವುದನ್ನೇ ಮತ್ತೊಮ್ಮೆ ಹೇಳುತ್ತೇನೆ. ಭಾಲ್ಕಿಯ ನಮ್ಮ ತವರಿಗೆಲ್ಲ ಗುಂಗುರು ಕೂದಲು. ಅಪ್ಪನ ರುಮಾಲು ತಲೆಯ ಮೇಲೆ ಕೂರುವುದಿಲ್ಲ, ತೇಲುತ್ತದೆ. ಹೆಣ್ಣು ನೋಡಲು ಬಂದ ದಿನ ನಿಮ್ಮ ತಾಯಿ ನನ್ನ ತಲೆಗೆ ಬಾಚಣಿಗೆ ಹಾಕಿದರು. ಅದು ಹಾಕಿದಲ್ಲೇ ನಿಂತುಬಿಟ್ಟಿತು. "ಈ ತಲ್ಯಾಗ ಬೈತಲಿ ಎಲ್ಲಿ ತೆಗೀಲಿ ನಮ್ಮವ್ವಾ, ಹಾದಿನೇ ಇಲ್ಲಲ್ಲ!" ಎಂದರು. ನಿಮಗೆ ಹುಡುಗಿ ಒಪ್ಪಿಗೆ, ಅವರಿಗೂ ಹುಡುಗಿ ಒಪ್ಪಿಗೆ, ತಕರಾರು ಕೂದಲಿನ ಮೇಲೆ ಮಾತ್ರ. ಹಾಗಾಗಿ ನನ್ನ ಟ್ರಂಕಿನ ಜೊತೆಗೆ ಕೂದಲು ನೆಟ್ಟಗೆ ಮಾಡುವ ಹೈದರಾಬಾದಿನ ಔಷಧದ ಸೀಸೆಯೂ ಈ ಮನೆ ಹೊಕ್ಕಿತು. ಹಚ್ಚುವ ಕೆಲಸ ಓಣಿಯ ಕೊನೆಯ ಮನೆಯ ವಜೀರಬೀಯದು. ಮದುಮಕ್ಕಳಿಗೆ ಮೆಹಂದಿ ಹಚ್ಚುವ ಕೈ ಅವಳದು. ಕೈಗೆ ಬಟ್ಟೆ ಸುತ್ತಿಕೊಂಡು, "ಜರಾ ತಡಕೊಳ್ಳವ್ವಾ, ಬಾಲ್ ಎಕದಂ ಸೀದಾ ಮಾಡ್ತೇನಿ" ಎನ್ನುತ್ತಿದ್ದಳು. ಅವಳ ಉರ್ದುವಿನಲ್ಲಿ ಬಾಲ್ ಎಂದರೆ ಕೂದಲು, ಸೀದಾ ಎಂದರೆ ನೆಟ್ಟಗೆ. ನನ್ನ ಕನ್ನಡದ ಕಿವಿಗೆ ಮಾತ್ರ ಅದು ಬಾಲ ಎಂದೂ, ತಳ ಹಿಡಿದ ಅನ್ನ ಸೀಯುತ್ತದಲ್ಲ, ಆ ಸೀದದ್ದು ಎಂದೂ ಕೇಳುತ್ತಿತ್ತು. ಎರಡು ಭಾಷೆಯೂ ಸತ್ಯವನ್ನೇ ನುಡಿಯುತ್ತಿದ್ದವು. ಕೂದಲು ಸೀದಾ ಆಗುತ್ತಿತ್ತು, ನೆತ್ತಿ ಸೀದು ಹೋಗುತ್ತಿತ್ತು. ನೀವು ಮೂಗು ಹಿಡಿದುಕೊಂಡು "ಚಂದ ಕಾಣಸ್ತದ" ಎಂದು ಹೇಳಿ ಹೊರಗೆ ಹೋಗುತ್ತಿದ್ದಿರಿ. ಚಂದ ಎಂದವರು ಹತ್ತಿರವಾದರೂ ಕೂರಬೇಡವೇ?

ಹೋದ ಬೇಸಿಗೆಯಲ್ಲಿ ರಜಾಕಾರರ ಗದ್ದಲ ಹೆಚ್ಚಾಗಿ ನೀವು ಗಡಿ ದಾಟಿ ಸೊಲ್ಲಾಪುರದಲ್ಲಿ ಹೋರಾಟಗಾರರ ಛಾವಣಿ ಸೇರಿದಿರಿ. ಹಾದಿಗಳೆಲ್ಲ ಮುಚ್ಚಿ ಹೈದರಾಬಾದಿನ ಸಾಮಾನು ಬರುವುದು ನಿಂತಿತು. ಸೀಸೆ ಬರಿದಾಯಿತು, ನನ್ನ ನೆತ್ತಿ ಮೊದಲ ಬಾರಿಗೆ ತಣ್ಣಗೆ ಮಲಗಿತು. ಆಮೇಲೆ ಶುರುವಾಯಿತು ನೋಡಿ ತಲೆಯೊಳಗಿನ ರಾಜಕಾರಣ. ಬೇರಿನ ಕಡೆ ಗುಂಗುರು, ತುದಿಯ ಕಡೆ ಸೀದಾ. ಮೇಲೆ ಭಾಲ್ಕಿಯ ಮಗಳು, ಕೆಳಗೆ ಬೀದರಿನ ಸೊಸೆ. ನಿಜಾಮರಿಗೂ ದಿಲ್ಲಿಗೂ ಆಗಿದ್ದ ಯಥಾಸ್ಥಿತಿ ಒಪ್ಪಂದದಂತೆ ಎರಡೂ ಒಂದೇ ತಲೆಯಲ್ಲಿದ್ದವು, ಒಂದನ್ನೊಂದು ಒಪ್ಪದೆ. ಎರಡೂ ಕೂಡುವ ಗಡಿಯಲ್ಲಿ ಬಾಚಣಿಗೆ ಆಡಿಸಿದರೆ ಎಳೆ ಎಳೆಯಾಗಿ ತುಂಡಾಗಿ ಕೈಗೆ ಬರುತ್ತಿತ್ತು. ಸೆಪ್ಟೆಂಬರಿನಲ್ಲಿ ದಿಲ್ಲಿಯ ಫೌಜು ಬಂತು, ಸಂಸ್ಥಾನ ಶರಣಾಯಿತು, ನನ್ನ ತಲೆ ಮಾತ್ರ ಶರಣಾಗಲಿಲ್ಲ. ಇನ್ನು ಆ ಔಷಧ ಬೇಡ, ದೇವರು ಕೊಟ್ಟದ್ದೇ ಬೆಳೆಯಲಿ ಎಂದು ನಾನು ಆಗಲೇ ತೀರ್ಮಾನಿಸಿದೆ. ಅದೇ ಸೆಪ್ಟೆಂಬರಿನಲ್ಲಿ ವಜೀರಬೀಯ ಗಂಡ ಗುಲಾಮ ರಸೂಲ ಕಮಠಾಣಕ್ಕೆ ಹೋಗಿಬರುತ್ತೇನೆಂದು ಹೊರಟವನು ಇನ್ನೂ ಬಂದಿಲ್ಲ. ಇದನ್ನು ಹಿಂದೆಯೇ ಬರೆದಿದ್ದೆ. ಇಂದಿಗೂ ಸುದ್ದಿಯಿಲ್ಲ. ಅವಳು ಈಗ ಮೆಹಂದಿಗೆ ಹೋಗುವುದಿಲ್ಲ, ಕರೆಯುವವರೂ ಕಡಿಮೆ. ದಿನಾ ನಮ್ಮ ಮನೆಗೆ ಬಂದು ಕಾಳು ಹಸನು ಮಾಡಿಕೊಡುತ್ತಾಳೆ.

ಹಾದಿ ತೆರೆದದ್ದೇ ತಡ, ನಮ್ಮ ಮನೆಯ ಮಿಲಿಟರಿ ಗವರ್ನರರು, ಎಂದರೆ ಅತ್ತೆಯವರು, ಹೈದರಾಬಾದಿಗೆ ಹೋಗುವವರ ಕೈಯಲ್ಲಿ ಹೇಳಿ ಹೊಸ ಸೀಸೆ ತರಿಸಿಯೇಬಿಟ್ಟರು. "ಅವ ಬರೂದ್ರಾಗ ತಲಿ ಸೀದಾ ಇರಬೇಕು" ಎಂದರು. ಬೇಡವೆಂದೆ. ನೆತ್ತಿ ಸುಡುತ್ತದೆಂದೆ. "ಬಾಣಂತನದಾಗ ಸುಡೂದಿಲ್ಲೇನ, ಒಲಿ ಮುಂದ ಸುಡೂದಿಲ್ಲೇನ, ಹೆಂಗಸರಿಗೆ ಸುಡದಿದ್ದದ್ದು ಯಾವದವ್ವ?" ಎಂದರು. ಇದಕ್ಕೆ ಕಾಲೇಜಿನಲ್ಲಿ ಉತ್ತರ ಕಲಿಸಿರಲಿಲ್ಲ. ಮಂಗಳವಾರ ಹಚ್ಚುವುದೆಂದು ಗೊತ್ತಾಯಿತು. ಅದಕ್ಕೇ ಸೋಮವಾರ ಅವರು ಬಸವಣ್ಣನ ಗುಡಿಗೆ ಹೋದ ಹೊತ್ತಿಗೆ ನಾನು ಕತ್ತರಿ ತೆಗೆದುಕೊಂಡೆ. ಸೀದಾ ಇದ್ದ ತುದಿಯನ್ನೆಲ್ಲ ಕತ್ತರಿಸಿ ಹಾಕಿದರೆ ಉಳಿಯುವುದು ಗುಂಗುರು ಮಾತ್ರ, ಅದಕ್ಕೆ ಯಾರೇನು ಮಾಡಿಯಾರು ಎಂಬ ಲೆಕ್ಕ. ತಲೆ ತೊಳೆದಿದ್ದರಿಂದ ಹಣೆಯಲ್ಲಿ ಕುಂಕುಮ ಇರಲಿಲ್ಲ. ಎಳೆ ಸಿಕ್ಕಿಕೊಳ್ಳುತ್ತವೆಂದು ಬಳೆ ತೆಗೆದು ಗೂಡಿನಲ್ಲಿಟ್ಟೆ. ಸೀರೆಗೆ ಕೂದಲು ಅಂಟದಿರಲೆಂದು ನಿಮ್ಮ ಹಳೆಯ ಬಿಳಿ ಧೋತರ ಸುತ್ತಿಕೊಂಡೆ. ಈಗ ಯೋಚಿಸಿದರೆ, ಬೇಕೆಂದೇ ಪ್ರಯತ್ನಪಟ್ಟಿದ್ದರೂ ಇಷ್ಟು ಅಚ್ಚುಕಟ್ಟಾಗಿ ವಿಧವೆಯಾಗಲು ನನ್ನಿಂದ ಆಗುತ್ತಿರಲಿಲ್ಲ.

ಪಕ್ಕದ ಮನೆಯ ಶಾಂತಾಬಾಯಿ ಮೊಸರಿಗೆ ಹೆಪ್ಪು ಕೇಳಲು ಬಂದವರು ಬಾಗಿಲಲ್ಲೇ ನಿಂತರು. ಕೆಳಗೆ ಬಿದ್ದ ಜಡೆ, ಬಿಳಿ ಬಟ್ಟೆ, ಬೋಳು ಹಣೆ, ಬರಿಗೈ. "ಏನಾತವ್ವಾ ಲಲಿತಾ?" ಎಂದರು. ಪೀಡೆ ಕಳೆಯಿತೆಂಬ ಸಮಾಧಾನಕ್ಕೆ ನನ್ನ ಕಣ್ಣಲ್ಲಿ ನೀರು ಬಂದಿತ್ತು. "ಎಲ್ಲಾ ಹೋತ್ರಿ ಶಾಂತಕ್ಕಾ" ಎಂದೆ. ಕೂದಲಿನ ಮಾತು ಅದು. ಅವರು ಹಾಕಿದ ಕೂಗು ಚೌಬಾರದ ಗೋಪುರಕ್ಕೆ ಮುಟ್ಟಿರಬೇಕು. ನಾನು "ಅಲ್ರೀ, ಕೂದಲಾ, ಕೂದಲಾ" ಎನ್ನುವಷ್ಟರಲ್ಲಿ ಅಂಗಳ ತುಂಬಿತು. "ಕೂದಲಾ ತೆಗಸಿಕೊಂಡ ಕೂತಾಳ, ದುಃಖಕ್ಕ ಬುದ್ಧಿ ಕೆಟ್ಟದ" ಎಂದು ನನ್ನ ಮಾತನ್ನು ನನ್ನ ಎದುರಿಗೇ ಅನುವಾದಿಸಿದರು. ಊರಲ್ಲಿ ಎಷ್ಟೋ ಮನೆಗಳಿಗೆ ಇಂಥ ಸುದ್ದಿ ಹೀಗೆಯೇ ಬಂದ ಕಾಲವಿದು. ಯಾರೂ ಎರಡನೆಯ ಸಲ ಕೇಳುವುದಿಲ್ಲ, ಕೂತು ಅಳುತ್ತಾರೆ.

ಅಷ್ಟರಲ್ಲಿ ಅತ್ತೆಯವರು ಬಂದರು. ಕೈಯಲ್ಲಿದ್ದ ತೆಂಗಿನಕಾಯಿ ಬಿತ್ತು, "ನನ್ನ ಮಗಾ!" ಎನ್ನುತ್ತ ಹೊಸ್ತಿಲಲ್ಲೇ ಕುಸಿದರು. ಅಲ್ಲಿಯವರೆಗೆ ನಗು ಬರುತ್ತಿದ್ದ ನನಗೆ ಅವರ ಮುಖ ನೋಡಿದ್ದೇ ನಗು ನಿಂತುಹೋಯಿತು. ನಾನು ಹುಟ್ಟಿಸಿದ್ದು ಸುಳ್ಳು ಸುದ್ದಿ, ಆದರೆ ಇವರು ಪೇಟೆಯಲ್ಲಿ ನಿಜವಾದದ್ದನ್ನೇ ಕೇಳಿಕೊಂಡು ಬಂದಿದ್ದಾರೆ ಎಂದುಕೊಂಡೆ. ಅತ್ತೆಯವರು ಅತ್ತರು, ನಾನೂ ಅತ್ತೆ. ಕನ್ನಡದಲ್ಲಿ ಸೊಸೆ ಅತ್ತೆಯಾಗಲು ಇದೊಂದು ಹತ್ತಿರದ ಹಾದಿ. ಎಲ್ಲರೂ ಅಳುವಾಗ ಅಳದೆ ನಿಂತವಳು ವಜೀರಬೀ ಒಬ್ಬಳೇ. ಮೊರ ಕೆಳಗಿಟ್ಟು, ಗದರಿಸುವ ದನಿಯಲ್ಲಿ, "ಕೌನ್ ಬೋಲೇ? ಯಾರ ಹೇಳಿದ್ರು? ತಾರ ಬಂತಾ, ತಂತಿ? ಖತ್ ಬಂತಾ, ಕಾಗದಾ? ಕಣ್ಣೀಲೆ ನೋಡಿದವರು ಯಾರರ ಬಂದ್ರಾ?" ಎಂದಳು. ಅತ್ತೆಯವರು ನನ್ನತ್ತ ಬೆರಳು ಮಾಡಿದರು, ನಾನು ಅತ್ತೆಯವರತ್ತ. ಇಬ್ಬರೂ ಶಾಂತಾಬಾಯಿಯತ್ತ ನೋಡಿದೆವು, ಶಾಂತಾಬಾಯಿ ನೆಲದ ಮೇಲಿನ ಜಡೆಯತ್ತ ನೋಡಿದರು. ಹೀಗೆ ನೀವು ಮತ್ತೆ ಬದುಕಿದಿರಿ. ಹೆಂಗಸರು ಸ್ವಲ್ಪ ನಿರಾಶೆಯಿಂದಲೇ ಎದ್ದು ಹೋದರು. ನಾಲ್ಕೂರಿನ ಸುದ್ದಿ ತಂದು ದಿನಾ ವಜೀರಬೀಗೆ ಅವಳ ಗಂಡನ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಅದಕ್ಕೇ ಅವಳಿಗೆ ಆ ಪ್ರಶ್ನೆಗಳು ಬಾಯಿಪಾಠ.

ಇಷ್ಟಾದ ಮೇಲೆ ಸೀಸೆಯ ಮಾತು ಮುಗಿಯಿತೆಂದು ನೀವು ಭಾವಿಸಿದರೆ ನಿಮ್ಮ ತಾಯಿಯನ್ನು ನೀವು ಬಲ್ಲಿರೆಂದು ಹೇಳಲಾರೆ. ಮರುದಿನ ಬೆಳಿಗ್ಗೆ ನನ್ನ ತಲೆಯನ್ನು ಅಡ್ಡಡ್ಡ ನೋಡಿ, "ಗಿಡ್ಡ ಆತು, ಇರ್ಲಿ, ಒಂದ ಸೀಸಿ ಎರಡ ಸರ್ತಿ ಬರ್ತದ" ಎಂದರು! ವಜೀರಬೀ, "ನನ್ನ ಕೈ ಇನ್ನ ಏಳೂದಿಲ್ಲರಿ ಅಕ್ಕಾ" ಎಂದು ಕೈ ಕಟ್ಟಿಕೊಂಡು ಕೂತಳು. ಕೊನೆಗೆ ಅತ್ತೆಯವರು "ಅವ ಬರಲಿ, ಅವ ಹ್ಯಾಂಗ ಅಂತಾನ ಹಾಂಗ" ಎಂದು ಫರ್ಮಾನು ಹೊರಡಿಸಿದ್ದಾರೆ. ಆದ್ದರಿಂದ ಮುಂಚಿತವಾಗಿಯೇ ತಿಳಿಸುತ್ತೇನೆ: ತಲೆ ನನ್ನದು, ತೀರ್ಪೂ ಆಗಿಹೋಗಿದೆ, ಅದನ್ನು ನಿಮ್ಮ ಬಾಯಿಂದ ತಪ್ಪಿಲ್ಲದೆ ಓದಿ ಹೇಳುವುದಷ್ಟೇ ನಿಮ್ಮ ಕೆಲಸ.

ನಿನ್ನೆ ಔರಾದದಿಂದ ನಿಮ್ಮ ಸೋದರತ್ತೆ ಗಂಗುಬಾಯಿಯವರೂ ಬಂದಿಳಿದರು. ಸುದ್ದಿ ಅಲ್ಲಿಗೆ ತಲುಪಿತ್ತು, ಅದು ಸುಳ್ಳೆಂಬುದು ತಲುಪಿರಲಿಲ್ಲ. ಮೋಟಾರು ಸ್ಟ್ಯಾಂಡಿನಿಂದಲೇ ಅಳುತ್ತ ಬಂದವರಿಗೆ ನೀವು ಬದುಕಿದ್ದೀರೆಂದು ಹೇಳಿದ್ದಕ್ಕೆ ಸಿಟ್ಟು ಬಂತು. "ಮೊದಲ ಹೇಳಬಾರದೇನ? ಹಾದಿತುಂಬ ಅತ್ತೇನಿ, ಬಸ್ಸಿನವರೆಲ್ಲಾ ಸಮಾಧಾನ ಮಾಡ್ಯಾರ, ಈಗ ಅವರಿಗೆ ಏನಂತ ಹೇಳಲಿ?" ಎಂದರು. ರೊಟ್ಟಿ ಊಟವಾದ ಮೇಲೆ, "ಬಂದದ್ದರ ಬಂದೇನಿ, ಅವ ಬರೂತನ ಇರ್ತೇನಿ" ಎಂದು ಹಾಸಿಗೆ ಬಿಚ್ಚಿದ್ದಾರೆ. ನನ್ನ ತಲೆ ನೋಡಿ, "ಕರಿ ಕುರಿಮರಿ ಕಂಡಂಗ ಕಾಣಸ್ತೀ" ಎಂದರು. ನನಗಂತೂ ಹೊಗಳಿಕೆಯಂತೆಯೇ ಕೇಳಿಸಿತು.

ಅತ್ತೆಯವರ ಆಶೀರ್ವಾದ, ಗಂಗುಬಾಯಿಯವರ ಬೈಗುಳ, ವಜೀರಬೀಯ ಸಲಾಮು, ಇವನ್ನೆಲ್ಲ ಈ ಕಾಗದದ ಜೊತೆ ಕಟ್ಟಿ ಕಳಿಸುತ್ತಿದ್ದೇನೆ. ಹೊಟ್ಟೆಗೆ ಸರಿಯಾಗಿ ಉಣ್ಣಿ, ಛಾವಣಿಯಲ್ಲಿ ಭಾಷಣ ಕಡಿಮೆ ಮಾಡಿ.

ನಿಮ್ಮ ಗುಂಗಿನಲ್ಲಿರುವ, ಗುಂಗುರು ತಲೆಯ,
ಲಲಿತಾಬಾಯಿ

ತಾ. ಕ.: ಟಪಾಲು ಹೊರಡುವ ಹೊತ್ತಾಯಿತು. ಮೇಲಿನದ್ದನ್ನೆಲ್ಲ ನಗುತ್ತ ಬರೆದೆ. ಅಂದು ಅಂಗಳದಲ್ಲಿ, ಸುದ್ದಿ ಸುಳ್ಳೆಂದು ಗೊತ್ತಾಗುವ ತನಕ, ನನಗೆ ನಿಮ್ಮ ಮುಖ ನೆನಪಾಗಲಿಲ್ಲ. ಎಷ್ಟು ತಡಕಾಡಿದರೂ ಬರಲಿಲ್ಲ, ದನಿಯೊಂದೇ ಬಂತು. ನಾನು ಅತ್ತದ್ದು ಅದಕ್ಕೆ. ರಾತ್ರಿ ಅತ್ತೆಯವರಿಗೆ ನಿಮ್ಮ ಹೋದ ತಿಂಗಳ ಕಾಗದ ಓದಿ ಹೇಳಿ, ನೋಡಿರಿ, ಚೆನ್ನಾಗಿದ್ದಾರೆ ಎಂದೆ. ವಜೀರಬೀ ಅಲ್ಲೇ ಕೂತಿದ್ದಳು. "ಖತ್ ಬರೆದ ದಿನ ಎಲ್ಲಾರೂ ಜೀವಂತನೇ ಇರ್ತಾರವ್ವಾ" ಎಂದಳು. ಅಂದಿನಿಂದ ನಿಮ್ಮ ತಾಯಿ ಬಾಗಿಲ ಅಗಳಿ ಹಾಕಲು ಬಿಡುತ್ತಿಲ್ಲ. ಈ ಕಾಗದಕ್ಕೆ ಉತ್ತರ ಬರೆಯಬೇಡಿ. ಬನ್ನಿ.