ಸೀಟಿನ ಗುಂಡಿ

ಸರ್ವಿಸ್ ವಿಭಾಗದ ಮಹಾಮಹಿಮ ಮ್ಯಾನೇಜರ್ ಸಾಹೇಬರ ಸನ್ನಿಧಾನಕ್ಕೆ,

ನಮ್ಮ ಪಿಕಪ್ಪನ್ನು ಎಂಜಿನ್ ರಿಪೇರಿಗೆ ಬಿಟ್ಟ ದಿನ ದೂರಿನ ಹಾಳೆಯಲ್ಲಿ ನಾನೇ ಚೇಷ್ಟೆಗೆ ಬರೆದಿದ್ದೆ: 'ಡ್ರೈವರ್ ಸೀಟಿನಲ್ಲಿ ಅಪ್ಪನ ಆಕಾರದ ಗುಂಡಿ ಬಿದ್ದಿದೆ.' ಪಕ್ಕದಲ್ಲಿದ್ದ ಅಪ್ಪ, "ಲೋ ಕಪಿ, ಅದು ಗುಂಡಿಯಲ್ಲ ಕಣೋ, ಸಿಂಹಾಸನ!" ಎಂದು ನಕ್ಕಿದ್ದರು.

ನೀವು ಬಿಡಿಭಾಗಕ್ಕಾಗಿ ಕಾದ ಮೂರು ತಿಂಗಳಲ್ಲಿ ಅಪ್ಪ ತೀರಿಕೊಂಡರು. ನಿನ್ನೆ ಗಾಡಿ ಮನೆಗೆ ಬಂತು. ಎಂಜಿನ್ ಈಗಲೂ ಕೆಮ್ಮುತ್ತಿದೆ. ಸೀಟು ಮಾತ್ರ ಹೊಚ್ಚ ಹೊಸದು. ಅಮ್ಮ ಹತ್ತಿ, ಅಂಗೈಯಿಂದ ಸೀಟು ಸವರಿ ನೋಡಿ, ಇಳಿದಳು.

ಎಂಜಿನ್ ಹಾಗೇ ಇರಲಿ. ಹಳೆಯ ಸೀಟು ಗುಜರಿಗೆ ಹೋಯಿತೆಂದು ನಿಮ್ಮ ಮೆಕ್ಯಾನಿಕ್ ಹೇಳಿದರು. ನಾಲ್ಕು ಗುಜರಿ ಅಂಗಡಿಗಳಲ್ಲಿ ಹುಡುಕಿದ್ದೇನೆ, ಸಿಕ್ಕಿಲ್ಲ. ಯಾವ ಅಂಗಡಿಯೆಂದು ತಿಳಿಸಿ. ಅಲ್ಲಿಯವರೆಗೆ ಆ ಗುಂಡಿಯನ್ನು ದಯವಿಟ್ಟು ಯಾರೂ ಸರಿಪಡಿಸದಿರಲಿ.

ಇಂತಿ,
ದೂರು ಬರೆದ ಕಪಿ