ಅಪ್ಪ ಬಲಕ್ಕೆ, ಗೆರೆ ಎಡಕ್ಕೆ

ತಿರುವಲ್ಲಿಕ್ಕೇಣಿ, ಮದರಾಸು
13-8-1961, ಭಾನುವಾರ

ಪ್ರೀತಿಯ ಅಮ್ಮಾ,

ನಿನ್ನ ಏಕೈಕ ಸತ್ಪುತ್ರ ತಿರುಮಲ ಮಾಡುವ ಸಾಷ್ಟಾಂಗ ನಮಸ್ಕಾರ. ಹಜಾರದಲ್ಲಿ ಪ್ರೊಜೆಕ್ಟರಿನ ಪೆಟ್ಟಿಗೆ ಅಡ್ಡ ಕೂತಿರುವುದರಿಂದ ಕಾಲು ಮಡಚಿಕೊಂಡೇ ಮಾಡಿದ್ದೇನೆ, ಸ್ವೀಕರಿಸು. ಕೊಯಮತ್ತೂರಿನ ನೀರು ಒಗ್ಗಿತೇ? ಬಾಣಂತಿ ಜಯಕ್ಕ, ಕೂಸು ಸೌಖ್ಯವೇ? ನಿನ್ನ ಕೆಮ್ಮು ಹೇಗಿದೆ? ಮನೆಯಲ್ಲಿ ಒಂದು ದಿನವೂ ಬಾರದೆ, ಅಪ್ಪನ ಭಾಷಣದಲ್ಲಿ ಮೊದಲ ಸಾಲಿಗೆ ಹೋಗಿ ಕೂತ ಕೂಡಲೇ ಹಿಡಿದುಕೊಳ್ಳುವ ಆ ವಿಚಿತ್ರ ವ್ಯಾಧಿಗೆ ಅಲ್ಲಿಯ ವೈದ್ಯರೇನಾದರೂ ಹೆಸರಿಟ್ಟರೇ?

ಇನ್ನು ನನ್ನ ದೂರು. ಅಪ್ಪನ ಕಾಲರಾ ಭಾಷಣಕ್ಕೆ ಫಿಲ್ಮು ಓಡಿಸುವ ಕೆಲಸ ನನ್ನ ಕೊರಳಿಗೆ ಬಿದ್ದು ಮೂರು ವಾರವಾಯಿತು. ಅವರ ಆರೋಗ್ಯ ಇಲಾಖೆಯ ಆಫೀಸಿನ ಗುಂಡಣ್ಣ ಈ ಕೆಲಸಕ್ಕೆ ಕೈಮುಗಿದು ಓಡಿದ್ದು ಯಾಕೆಂದು ಈಗ ತಿಳಿಯಿತು. ಫಿಲ್ಮಿಗೆ ಮಾತಿಲ್ಲ, ಮಾತು ಅಪ್ಪನದು. ಪರದೆಯ ಮೇಲೆ ಬಿಳಿ ಗೆರೆಯೊಂದು ಇರುವೆಯ ಹಾಗೆ ಹೊರಟು, ಎಡಗಡೆ ಬೆಟ್ಟ ಹತ್ತಿ, ಸೂಜಿಮದ್ದು ಶುರುವಾದ ವರ್ಷದಿಂದ ಇಳಿಯುತ್ತ ಬಲಗಡೆ ತಳ ಸೇರುತ್ತದೆ. ಆಗ ಅಷ್ಟು ಸಾವು, ಈಗ ಇಷ್ಟೇ ಎಂದು ಅಪ್ಪ ಬೆತ್ತದಿಂದ ತೋರಿಸಬೇಕು. ಮಾತಿಗೂ ಗೆರೆಗೂ ಇದಕ್ಕಿಂತ ಸುಲಭದ ದಾಂಪತ್ಯ ಲೋಕದಲ್ಲಿಲ್ಲ. ಆದರೆ ಗೆರೆ ಬೆಟ್ಟದ ತುದಿಯಲ್ಲಿರುವಾಗ ಅಪ್ಪ ಇನ್ನೂ ಸಭಿಕರಿಗೆ ವಂದನೆ ಹೇಳುತ್ತಿರುತ್ತಾರೆ. ಅದು ತಳ ಮುಟ್ಟಿ ಸುಮ್ಮನಾದ ಮೇಲೆ "ಈಗ ಏರುತ್ತಿದೆ, ನೋಡಿ" ಎನ್ನುತ್ತಾರೆ. ನಡುವೆ ಬೆಳಕಿಗೆ ಅಡ್ಡ ಬಂದರೆ 1954ನೇ ಇಸವಿಯೆಲ್ಲ ಅವರ ಕೋಟಿನ ಮೇಲೆ. ಹೇಳಿದರೆ ನನಗೇ, "ಕೊಂಜ ನಿಧಾನ ಓಡಿಸೋ, ನಾನು ಮುಗಿಸೋ ತನಕ ಆ ಗೆರೆನ ಹಿಡ್ಕೋ." ಹಿಡಿದು ನಿಲ್ಲಿಸಿದರೆ ಫಿಲ್ಮು ಸುಟ್ಟುಹೋಗುತ್ತದೆ ಎಂದರೆ, "ನಿಮ್ಮಮ್ಮ ಇದ್ದಾಗ ಸರಿಯಾಗೇ ಓಡ್ತಿತ್ತಲ್ಲ" ಅಂತೆ. ಪ್ರೊಜೆಕ್ಟರಿಗೂ ಪತಿವ್ರತೆಯರ ಭಯವಿದೆಯೆಂದು ನನಗೆ ತಿಳಿದಿರಲಿಲ್ಲ.

ನಗಬೇಡ. ಇಪ್ಪತ್ತೈದನೇ ತಾರೀಖು ಶುಕ್ರವಾರ ದೊಡ್ಡ ಅಧಿಕಾರಿಗಳು ಈ ಭಾಷಣ ನೋಡಲು ಬರುತ್ತಾರೆ. ಮೆಚ್ಚಿದರೆ ಅಪ್ಪನಿಗೆ ಇನ್ನೆರಡು ವರ್ಷ ಸರ್ವೀಸು. ಇಲ್ಲದಿದ್ದರೆ ಐವತ್ತೈದು ತುಂಬಿತೆಂದು ಹಾರ, ಜರಿಶಾಲು, ಮನೆ. ಭಾಷಣವಿಲ್ಲದ ಅಪ್ಪ ಹೇಗಿರುತ್ತಾರೆಂದು ನೀನೇ ಊಹಿಸು. ಹಾಲಿನವಳನ್ನು ನಿಲ್ಲಿಸಿ ಕಾಲರಾ ಹೇಳಿಯಾರು. ಅವಳೂ ನಿಲ್ಲದಿದ್ದರೆ ಆಮೇಲೆ ಏನು ಮಾಡುತ್ತಾರೋ, ಅದನ್ನು ನೆನೆದರೆ ನನಗೇ ನಗು ಬರುವುದಿಲ್ಲ.

ನಿನ್ನೆ ತಾಂಬರಂನ ಒಂದು ಶಾಲೆಯಲ್ಲಿ ಸಿಟ್ಟು ನೆತ್ತಿಗೇರಿತು. ಒಮ್ಮೆಯಾದರೂ ಪರದೆಯ ಕಡೆ ನೋಡಲಿ ಎಂದು ಫಿಲ್ಮನ್ನು ಬೇಕೆಂದೇ ಮಗುಚಿ ಏರಿಸಿದೆ. ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲು. ಅಂಕಿಗಳೆಲ್ಲ ತಿರುಗುಮುರುಗು, ಬೆಟ್ಟ ಬಲಕ್ಕೆ ಬಂತು. ಅಪ್ಪ ಎಂದಿನಂತೆ ಬಲಗಡೆ, ಸರಿಯಾಗಿ ಆ ಬೆಟ್ಟದ ಹೊಟ್ಟೆಗೆ ಬೆತ್ತ ಊರಿ, ಸಾವು ಎಷ್ಟು ಕೆಳಗಿಳಿದಿದೆ ನೋಡಿ ಎಂದರು. ಸಭೆ ಗೊಳ್ಳೆಂದಿತು. ಅಪ್ಪ ಹಿಗ್ಗಿ ಅದೇ ಮಾತನ್ನು ಇನ್ನೊಮ್ಮೆ ಹೇಳಿದರು. ನನ್ನತ್ತ ತಿರುಗಿ ಒಂದು ಬೈಗುಳವೂ ಇಲ್ಲ. ಇಷ್ಟು ಹಟವೇ ಅಮ್ಮಾ ಒಬ್ಬ ಮನುಷ್ಯನಿಗೆ? ಬೈಸಿಕೊಳ್ಳಲು ಸಿದ್ಧನಾಗಿ ನಿಂತವನಿಗೆ ಅದೂ ದಕ್ಕದಿದ್ದರೆ ಹೊಟ್ಟೆ ಹೇಗೆ ಉರಿಯುತ್ತದೆಂದು ನಿನಗೆ ಗೊತ್ತಿಲ್ಲ.

ಜಯಕ್ಕನಿಗೆ ನಮಸ್ಕಾರ. ಕೂಸಿಗೆ ಸೋದರಮಾವನ ಆಶೀರ್ವಾದ: ಯಾರ ಫಿಲ್ಮನ್ನೂ ಓಡಿಸುವ ಗತಿ ಅದಕ್ಕೆ ಬಾರದಿರಲಿ.

ನೊಂದ ಯಂತ್ರಚಾಲಕ,
ತಿರುಮಲ

ಮತ್ತೆ: ಕವರು ಅಂಟಿಸುವ ಮೊದಲು ಅಪ್ಪನ ಹತ್ತಿರ ಹೋಗಿ ತಪ್ಪೊಪ್ಪಿಕೊಂಡೆ. ಬೈಯಲಿಲ್ಲ. "ನಿಜವಾಗ್ಲೂ ತಿರುಗಿತ್ತೇನೋ? ಜನ ಅದಕ್ಕಾ ನಕ್ಕಿದ್ದು?" ಎಂದರು. ಅಮ್ಮಾ, ಅವರಿಗೆ ಪರದೆ ಕಾಣುವುದೇ ಇಲ್ಲ. ಬರೀ ಬಿಳಿ ಮಂಜಂತೆ, ಒಂದು ವರ್ಷದಿಂದ. ನಿನಗೆ ಗೊತ್ತಿತ್ತು. ಗೆರೆ ಏರಿದಾಗ ನೀನು ಕೆಮ್ಮುತ್ತಿದ್ದೆ, ಇಳಿದಾಗ ಕೆಮ್ಮುತ್ತಿದ್ದೆ. ಎಲ್ಲೆಲ್ಲಿ, ಎಷ್ಟೆಷ್ಟು ಸಲ ಕೆಮ್ಮಬೇಕು, ಮರುಟಪಾಲಿಗೆ ಬರೆ. ಇಪ್ಪತ್ತೈದರ ಶುಕ್ರವಾರ ಪ್ರೊಜೆಕ್ಟರನ್ನು ಪಕ್ಕದ ಮನೆಯ ಸುರೇಶನಿಗೆ ಒಪ್ಪಿಸಿ ಮೊದಲ ಸಾಲಿನಲ್ಲಿ ನಾನು ಕೂರುತ್ತೇನೆ. ಮರುದಿನ ಶನಿವಾರ ಎಗ್ಮೋರಿನ ಕಣ್ಣಾಸ್ಪತ್ರೆ. ಅಲ್ಲಿಗೆ ಅವರನ್ನು ಹೊರಡಿಸಲು ನನ್ನ ಕೆಮ್ಮು ಸಾಲದು, ನೀನೇ ಬಾ.